ಸುದ್ದಿ ಬಾಗಿಲಿಗೆ ಬರುವ ತನಕ

"ಏ ಜ್ಞಾನ್ಯಾನ ಮಗಳ, ಚಾಕ್ ಇಟ್ಟು ಹೊರಗ ಬಾ."

ಪಿಯುಸಿ ಮೊದಲ ವರ್ಷದ ಮಕ್ಕಳೆಲ್ಲ ಬಾಗಿಲ ಕಡೆ ತಿರುಗಿದರು. ಬಾಗಿಲಲ್ಲಿ ಸಂಭಾಜಿ ಪಾಟೀಲರು. ಊರಿನ ಅರ್ಧ ಕಬ್ಬು ಅವರದು, ಈ ಕಾಲೇಜೂ ಅವರದೇ. ಹಿಂದೆ ಸಿಪಾಯಿ ದುರಗಪ್ಪ ನೆಲ ನೋಡುತ್ತ ನಿಂತಿದ್ದ.

ನಾನು ಬೋರ್ಡಿನ ಮೇಲೆ 'ಅಂತಸ್ತು ಮತ್ತು ಪಾತ್ರ' ಎಂದು ಬರೆದು ಅಡಿಗೆರೆ ಎಳೆಯುತ್ತಿದ್ದೆ. ಸಮಾಜಶಾಸ್ತ್ರದಲ್ಲಿ ಇದರಷ್ಟು ಸುಲಭದ ಪಾಠ ಇನ್ನೊಂದಿಲ್ಲ. ಹುಟ್ಟಿನಿಂದ ಅಂಟಿಕೊಂಡದ್ದು ಆರೋಪಿತ ಅಂತಸ್ತು, ಓದಿ ದುಡಿದು ಪಡೆದದ್ದು ಸಾಧಿತ ಅಂತಸ್ತು. ಉದಾಹರಣೆ ಕೊಡೋಣ ಎನ್ನುವಷ್ಟರಲ್ಲಿ ಉದಾಹರಣೆಯೇ ಬಾಗಿಲಿಗೆ ಬಂದಿತ್ತು.

"ಹೋಗ್ರಿ, ಜ್ಞಾನ್ಯಾನ ಮಗಳ ಮೇಡಂ," ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದ. ನಗು ಬೆಂಚಿನಿಂದ ಬೆಂಚಿಗೆ ಹಾರಿತು. ಜ್ಞಾನ್ಯಾ ನನ್ನಪ್ಪ. ನಾನು ಹೊರಗೆ ಬಂದೆ.

"ಆಈ ಹೋದಳು, ಮುಂಜಾನೆ," ಎಂದರು ಪಾಟೀಲರು. ಅವರ ತಾಯಿ ಬಹಳ ದಿನದಿಂದ ಹಾಸಿಗೆ ಹಿಡಿದಿದ್ದರು.

"ತಂಗಿ ಕೋಮಲಗ ಸುದ್ದಿ ಮುಟ್ಟಿಸಬೇಕು, ರಾಯಬಾಗ ಕಡೀಗೆ. ನಿಮ್ಮಪ್ಪ ಎಲ್ಲಿ ಸತ್ತಾನ?"

"ಮೊಣಕಾಲ ಆಪರೇಶನ್ ಆಗೇತ್ರಿ. ಗ್ವಾಡಿ ಹಿಡದ ನಡೀತಾರ್ರಿ."

"ನಾಟಕ ಮಾಡ್ತಾನ ಸೂಳಿಮಗ. ನಿಮ್ಮಣ್ಣ ವಿಕ್ರಾಂತ?"

"ಪುಣೇದಾಗ ಅದಾನ್ರಿ."

"ಹಂಗಾರ ನೀನ ಹೋಗು. ಸ್ಕೂಟಿ ಐತೆಲ್ಲ."

"ಫೋನ್..." ಎಂದೆ.

"ಫೋನಿಂದ ಹೇಳಿದ್ರ ಅದು ಸುದ್ದಿ ಆಕ್ಕೈತೇನು? ನಾವೇನು ಹಾದಿಬೀದಿ ಮಂದಿ ಅಲ್ಲ."

ವಾಡೆಯ, ಅಂದರೆ ಪಾಟೀಲರ ದೊಡ್ಡ ಮನೆಯ, ಪದ್ಧತಿ ಹೀಗೆ. ಅವರಲ್ಲಿ ಯಾರಾದರೂ ಸತ್ತರೆ ನಮ್ಮ ಓಣಿಯ ಒಬ್ಬರು ಬೀಗರ ಊರಿಗೆ ಹೋಗಿ, ಬಾಗಿಲ ಹೊರಗೆ ನಿಂತು ಬಾಯಿಂದ ಹೇಳಬೇಕು. ಅಲ್ಲಿಯ ತನಕ ಆ ಮನೆಯಲ್ಲಿ ಯಾರೂ ಅಳುವಂತಿಲ್ಲ, ಹೆಣದ ಕಡೆ ಹೊರಡುವಂತಿಲ್ಲ. ನಮ್ಮ ಓಣಿಯಲ್ಲಿ ಬುದ್ಧ ವಿಹಾರ ಎದ್ದ ಮೇಲೆ ಉಳಿದವರೆಲ್ಲ ಈ ಕೆಲಸ ಬಿಟ್ಟರು. ಅಪ್ಪ ಮಾತ್ರ ಬಿಡಲಿಲ್ಲ. ಕಾರಣ ನಾನು. ಜೂನ್‌ನಿಂದ ಈ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೇನೆ, ನೇಮಕದ ಆರ್ಡರು ಇನ್ನೂ ಕೈಗೆ ಬಂದಿಲ್ಲ.

ಪಾಟೀಲರಿಗೂ ಅದು ನೆನಪಿತ್ತು. "ನಿನ್ನ ಆರ್ಡರಿಗೆ ಈ ವಾರದಾಗ ಸಹಿ ಮಾಡಾಂವ ಇದ್ನಿ. ಬಾಗಲದಾಗ ನಿಂದ್ರು, ಹೇಳು, ಹೊಳ್ಳಿ ಬಾ. ಕಾಲೇಜಿನ ಶಾಣ್ಯಾತನ ಅಲ್ಲಿ ತೋರಸಬ್ಯಾಡ."

ಸ್ಕೂಟಿ ತರಲು ಮನೆಗೆ ಹೋದೆ. ಅವ್ವ ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ವಿಷಯ ಕೇಳಿದವಳು ಎಲೆ ಬಿಟ್ಟು ಹಣೆ ಬಡಿದುಕೊಂಡಳು.

"ಈಕೀನ ಕಳಸ್ತಾನಂತ? ಅಂಗಡ್ಯಾಗ ಉಪ್ಪ ಕೇಳಾಕ ನಾಚತೈತಿ ಇದು. ಹೆಣದ ಸುದ್ದಿ ಹೆಂಗ ಹೇಳೀತು?"

"ಸುಗಂಧಾ, ನನ್ನ ಬಡಿಗಿ ಕೊಡು," ಎಂದು ಅಪ್ಪ ಗೋಡೆ ಹಿಡಿದು ಎದ್ದ. "ನಾ ಬಸ್ಸಿಗೆ ಹೊಕ್ಕೀನಿ. ಸ್ನೇಹಲ ಪಾಠ ಮಾಡ್ಲಿ."

"ಹೋಗ ಹೋಗ. ದಾರ್‍ಯಾಗ ಬಿದ್ರ ನಿನ್ನ ಸುದ್ದಿ ಹೇಳಾಕ ಯಾರ್ನ ಕಳಿಸ್ಲಿ?"

ಅಪ್ಪನೇ ಮೊದಲು ನಕ್ಕ. ಅವನ ಕಥೆ ನಮ್ಮ ಓಣಿಗೆಲ್ಲ ಗೊತ್ತು. ಒಮ್ಮೆ ರಾಯಬಾಗ ಸಂತೆಗೆ ಉಳ್ಳಾಗಡ್ಡಿ ತರಲು ಹೋಗಿದ್ದಾಗ ಪಾಟೀಲರ ಬೀಗರ ಪೈಕಿ ಒಬ್ಬ ಹೆಂಗಸು ದೂರದಿಂದ ಇವನನ್ನು ಕಂಡು, ಅಲ್ಲೇ ಕುಕ್ಕರಿಸಿ ಎದೆ ಬಡಿದುಕೊಳ್ಳತೊಡಗಿದಳಂತೆ. "ಯಾರೂ ಸತ್ತಿಲ್ಲಬೇ ಯವ್ವಾ, ಉಳ್ಳಾಗಡ್ಡಿಗೆ ಬಂದೀನಿ," ಎಂದು ಚೀಲ ತೆರೆದು ತೋರಿಸಿದ ಮೇಲೆ ಸುಮ್ಮನಾದದ್ದು. ಅಂದಿನಿಂದ ಅಪ್ಪ ಸಂತೆಗೆ ಅವ್ವನನ್ನೇ ಕಳಿಸುತ್ತಾನೆ.

ಅವನು ಒಂದು ಕಾಲಿಗೆ ಚಪ್ಪಲಿ ಮೆಟ್ಟಿಯೇ ಬಿಟ್ಟಿದ್ದ. ಇನ್ನೊಂದು ಕಾಲು ಬಗ್ಗಲಿಲ್ಲ. ನಾನು ಗೂಟದಿಂದ ಚಾವಿ ತೆಗೆದುಕೊಂಡೆ.

"ಕೇಳಿಲ್ಲೆ," ಎಂದ ಅಪ್ಪ. "ತಲಿ ತಗ್ಗಿಸಿ ನಿಂದ್ರು. ಹೆಸರ ತಗೀಬ್ಯಾಡ, ಯಾರಿಗೆ ಏನಾಗಬೇಕು ಅಂತನೂ ಅನಬ್ಯಾಡ. 'ವಾಡೇದಾಗ ದೀಪ ಆರೇತ್ರಿ' ಅಂದಬಿಡು. ನೀರ ಕೇಳಬ್ಯಾಡ. ಕೊಡೂದಿಲ್ಲ."

ಸ್ಕೂಟಿಯ ಮೇಲೆ ದಾರಿಯುದ್ದಕ್ಕೂ ಆ ಒಂದೇ ಸಾಲನ್ನು ಬಾಯಿಪಾಠ ಮಾಡಿದೆ. ಚಿಕ್ಕೋಡಿ ದಾಟುವಾಗ ಕಬ್ಬಿನ ಟ್ರಾಕ್ಟರೊಂದು ಮರಾಠಿ ಹಾಡು ಹಾಕಿಕೊಂಡು ದಾರಿ ಬಿಡದೆ ಹೋಗುತ್ತಿತ್ತು. ಅದರ ಹಿಂದೆ ಸಾವನ್ನು ಹೊತ್ತ ನಾನು ತಾಳಕ್ಕೆ ತಕ್ಕಂತೆ ಹಾರ್ನ್ ಹೊಡೆಯುತ್ತ ಹೋದೆ. ಮಗುವಿಗೆ ಸಮಾಜ ತನ್ನ ರೀತಿನೀತಿ ಕಲಿಸುವುದಕ್ಕೆ ಸಾಮಾಜೀಕರಣ ಎಂದು ಹೆಸರು. ಮನೆಯೇ ಮೊದಲ ಪಾಠಶಾಲೆ ಎಂದು ಹೋದ ವಾರ ನಾನೇ ನೋಟ್ಸು ಬರೆಸಿದ್ದೆ. ಈಗ ಅಪ್ಪ ಬರೆಸಿದ್ದೂ ಅದೇ.

ಕೋಮಲ ಅವರ ಮನೆಯ ಮುಂದೆ ಎರಡು ಕಾರು ಚಾಲೂ ಇದ್ದವು. ಡಿಕ್ಕಿಯಲ್ಲಿ ಬ್ಯಾಗು ಸೇರಿದ್ದವು. ಹೆಂಗಸರು ಹಳೆಯ ಸೀರೆ ಉಟ್ಟು, ಬಂಗಾರ ತೆಗೆದಿಟ್ಟು, ಕಟ್ಟೆಯ ಮೇಲೆ ಕೂತು ಖಾರದ ಚುರಮುರಿ ಭಡಂಗ ತಿನ್ನುತ್ತಿದ್ದರು. ಕೋಮಲ ಅವರ ಗಂಡ ಫೋನಿನಲ್ಲಿ ಅತ್ತೆಯ ಫೋಟೊ ನೋಡುತ್ತಿದ್ದ. ಫೋಟೊದ ಕೆಳಗೆ 'ಭಾವಪೂರ್ಣ ಶ್ರದ್ಧಾಂಜಲಿ' ಎಂದಿತ್ತು. ನನ್ನನ್ನು ಕಂಡವನೇ ಫೋನನ್ನು ಕಿಸೆಗೆ ತುರುಕಿದ.

"ಬಂದ್ಳು, ಬಂದ್ಳು," ಎಂದು ಅವನ ತಾಯಿ ಲಕ್ಷ್ಮಿಬಾಯಿ ಚಪ್ಪಾಳೆ ತಟ್ಟಿದರು. "ನಡೀರಿ ಒಳಗ. ಭಡಂಗ ಸರಸ್ರಿ."

ಎಲ್ಲರೂ ಒಳಗೆ ಓಡಿದರು. ಸುದ್ದಿ ಬಂದಾಗ ಮನೆಯವರು ಏನೂ ತಿಳಿಯದೆ ತಮ್ಮ ಕೆಲಸದಲ್ಲಿರಬೇಕಲ್ಲ. ಒಬ್ಬಳು ಗುಡಿಸಿದ ನೆಲವನ್ನೇ ಗುಡಿಸತೊಡಗಿದಳು, ಇನ್ನೊಬ್ಬಳು ಖಾಲಿ ಜರಡಿ ಅಲ್ಲಾಡಿಸಿದಳು. ಗಂಡಸೊಬ್ಬ ಪೇಪರು ಹಿಡಿದ, ತಲೆಕೆಳಗಾಗಿ. ಪಾತ್ರ ನಿರ್ವಹಣೆ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ಎಲ್ಲೂ ಸಿಗಲಾರದು. ನನಗೆ ನಗು ಬಂತು, ದುಪಟ್ಟಾ ಬಾಯಿಗೆ ಒತ್ತಿಕೊಂಡೆ.

ಆಗ ಬಾಗಿಲಿನಾಚೆ ಕೋಮಲ ಕಂಡರು. ನಡುಮನೆಯಲ್ಲಿ ಜಮಖಾನೆಯ ಮೇಲೆ, ಕಂಬಕ್ಕೆ ಒರಗಿ ಕೂತಿದ್ದರು. ಕೆಲಸದ ನಾಟಕ ಅವರು ಆಡುತ್ತಿರಲಿಲ್ಲ. ಸೆರಗಿನ ಮುದ್ದೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದರು. ಮುಂಜಾನೆಯಿಂದ ಹೀಗೇ ಕೂತಿರಬೇಕು. ತಾಯಿ ಸತ್ತದ್ದು ಗೊತ್ತಿದ್ದೂ, ಸುದ್ದಿ ಬರಲಿ ಎಂದು.

ನನ್ನ ನಗು ನಿಂತಿತು.

"ಏನ ಬಂದಿ ತಂಗಿ?" ಲಕ್ಷ್ಮಿಬಾಯಿ ಹೊಸಿಲೊಳಗಿನಿಂದ ರೂಢಿಯ ಪ್ರಶ್ನೆ ಕೇಳಿದರು.

ನಾನು ತಲೆ ತಗ್ಗಿಸಿದೆ. ಬಾಯಿಪಾಠದ ಸಾಲು ಹೇಳುವ ಬದಲು ಮತ್ತೆ ಕೋಮಲ ಅವರತ್ತ ನೋಡಿದೆ.

"ಲಗೂ ಹೇಳ," ಎಂದು ಲಕ್ಷ್ಮಿಬಾಯಿ ಪಿಸುಗುಟ್ಟಿದರು. "ಅಲ್ಲಿ ಹೆಣ ಎತ್ತೂ ಹೊತ್ತ ಆಗೇತಿ."

"ಮೂಕೀನ ಕಳಿಸ್ಯಾನೇನು ಸಂಭಾಜಿ?" ಎಂದ ಮಗ. "ಬೊಗಳ ಬೇ. ಎಷ್ಟಂತ ಡೀಸೆಲ್ ಸುಡೂದು?"

ನಾನು ಚಪ್ಪಲಿ ಕಳಚಿದೆ. ಅವರ ಚಪ್ಪಲಿಗಳ ಸಾಲಿನಲ್ಲೇ ಇಟ್ಟು ಮೆಟ್ಟಿಲು ಹತ್ತಿದೆ.

"ಏ, ಏ, ಎಲ್ಲಿ ಬಂದಿ?"

ಅವನು ಬಾಗಿಲಿಗೆ ಅಡ್ಡ ಕೈ ಚಾಚಿದ. ನಾನು ನಡೆಯುತ್ತಲೇ ಇದ್ದೆ. ತಡೆಯಬೇಕೆಂದರೆ ನನ್ನನ್ನು ಮುಟ್ಟಬೇಕು. ಅವನು ಸರ್ರನೆ ಕೈ ಹಿಂದಕ್ಕೆಳೆದುಕೊಂಡ. ಲಕ್ಷ್ಮಿಬಾಯಿ ಸೆರಗು ಸುತ್ತಿಕೊಂಡು ಗೋಡೆಗೆ ಅಂಟಿದರು. ಪೊರಕೆ ಹಿಡಿದವಳು, ಜರಡಿ ಹಿಡಿದವಳು ಎರಡೂ ಬದಿಗೆ ಸರಿದರು. ಮದುಮಗಳಿಗೂ ಯಾರೂ ಇಷ್ಟು ಅಗಲ ದಾರಿ ಬಿಟ್ಟಿರಲಿಕ್ಕಿಲ್ಲ.

ಜಮಖಾನೆಯ ಮೇಲೆ ಕೋಮಲ ಅವರ ಪಕ್ಕ ಕೂತೆ.

"ಅಕ್ಕಾರ," ಎಂದೆ. "ನಿಮ್ಮ ಅವ್ವ ಹೋದರ್ರಿ."

ಅವರ ಬಾಯಿಯಿಂದ ಸೆರಗು ಜಾರಿತು. ಆಮೇಲೆ ಬಂದ ಕೂಗಿಗೆ ಹೊರಗಿನ ಕಾರಿನ ಸದ್ದೂ ಕೇಳಿಸದಾಯಿತು. ಅವರು ನನ್ನ ಹೆಗಲಿನ ಮೇಲೆ ಕುಸಿದು, ನನ್ನ ದುಪಟ್ಟಾವನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡರು. ಅಳು ಶುರುವಾದ ಮೇಲೆ ಉಳಿದ ಹೆಂಗಸರು ಬಂದು ಸುತ್ತ ಕೂರಲೇಬೇಕು, ಅದೂ ಪದ್ಧತಿ. ಒಬ್ಬರ ಮುಖ ಒಬ್ಬರು ನೋಡುತ್ತ ಬಂದು, ನನ್ನಿಂದ ಒಂದು ಗೇಣು ಬಿಟ್ಟು ಕೂತು, ಅಳತೊಡಗಿದರು.

ಲಕ್ಷ್ಮಿಬಾಯಿ ಒಳಗಿನಿಂದ ತಂಬಿಗೆ ತುಂಬ ನೀರು ತಂದು ನನ್ನೆದುರು ನಿಂತರು, ನಾನು ಎದ್ದರೆ ಆ ಜಾಗಕ್ಕೆ ಚಿಮುಕಿಸಲು. "ಏಳ ಬೇ. ಮುಗೀತಲ್ಲ ನಿನ್ನ ಕೆಲಸ."

ನಾನು ಏಳಲಿಲ್ಲ.

ಮಗ ಅಷ್ಟರಲ್ಲಿ ಪಾಟೀಲರಿಗೆ ಫೋನು ಹಚ್ಚಿದ್ದ. "ಒಳಗ ಕುಂತಾಳ್ರೀ... ನಟ್ಟನಡುವ... ಹೆಂಗ ಎಬ್ಬಸ್ಲಿ, ನೀವ ಹೇಳ್ರಿ." ಫೋನನ್ನು ಸ್ಪೀಕರಿಗೆ ಹಾಕಿ, ತೋಳಿನುದ್ದದ ದೂರದಿಂದ ನನ್ನ ಕಡೆ ಹಿಡಿದ.

"ಏ ಪೋರಿ, ಏಳತೀಯೋ ಇಲ್ಲೋ? ನಿನ್ನ ಆರ್ಡರ ಹರದ ಒಗೀತೀನಿ ನೋಡ."

ಆರು ವರ್ಷ ಕಾಲೇಜು, ಅಪ್ಪನ ಮೊಣಕಾಲು, ಅವ್ವನ ಬೆರಳು, ಎಲ್ಲ ಆ ಕಾಗದದಲ್ಲಿದ್ದವು. ಕೋಮಲ ಅವರ ಉಸಿರು ನನ್ನ ಕತ್ತಿಗೆ ಬಿಸಿಯಾಗಿ ತಾಗುತ್ತಿತ್ತು.

"ಹರೀರಿ ಸಾಹೇಬ್ರ," ಎಂದೆ. ತರಗತಿಯಲ್ಲೂ ನನ್ನ ದನಿ ಎಂದೂ ಅಷ್ಟು ಏರಿರಲಿಲ್ಲ. "ನಿಮ್ಮ ತಂಗಿ ಅಳಾಕತ್ತಾರ. ಒಂದೀಟ ಸುಮ್ಮ ಕುಂದರ್ರಿ."

ಸುತ್ತಲಿನ ಅಳು ಒಂದು ಕ್ಷಣ ತಪ್ಪಿತು. ಕೋಮಲ ಅವರದು ಮಾತ್ರ ನಿಲ್ಲಲಿಲ್ಲ; ಬಿಕ್ಕಿ ಬಿಕ್ಕಿ ಕೆಮ್ಮು ಹತ್ತಿತ್ತು.

"ಆಯಿ," ಎಂದೆ ಲಕ್ಷ್ಮಿಬಾಯಿಗೆ, "ಆ ತಂಬಿಗಿ ಇಲ್ಲಿ ಕೊಡ್ರಿ. ಅಕ್ಕಾರಗ ನೀರ ಕುಡಸ್ತೀನಿ."

ಕೈ ಚಾಚಿದೆ. ಅವರು ತಂಬಿಗೆಯನ್ನು ಎದೆಗೆ ಅವಚಿಕೊಂಡು ಮಗನನ್ನು ನೋಡಿದರು, ಸೊಸೆಯನ್ನು ನೋಡಿದರು, ನನ್ನ ಕೈ ನೋಡಿದರು. ನಾನು ಕೈ ಹಿಂದಕ್ಕೆ ತೆಗೆಯಲಿಲ್ಲ.