ಕಣ್ಣು ಮುಚ್ಚಿ ಬರೆದ ಹೆಸರು

ನಮ್ಮ ಮನೆಯ ಕಂಪ್ಯೂಟರ್ ಮೊದಲ ಸಲ ನಿದ್ದೆಗೆ ಹೋದದ್ದು ಅಮಾವಾಸ್ಯೆಯ ದಿನ. ಅದಕ್ಕೂ ನಿದ್ದೆ ಮಾಡುವ ಅಭ್ಯಾಸ ಇದೆಯೆಂದು ಅಲ್ಲಿಯವರೆಗೆ ನಮಗೆ ಯಾರಿಗೂ ಗೊತ್ತಿರಲಿಲ್ಲ.

ದೊಡ್ಡಬಳ್ಳಾಪುರದಲ್ಲಿ ನಮ್ಮದು ಮಗ್ಗದ ಮನೆ. ಮುಂದೆ ವಾಸ, ಹಿಂದೆ ಪವರ್‌ಲೂಮ್ ಶೆಡ್ಡು. ಹಗಲೂ ರಾತ್ರಿ ಖಟಾಖಟಾ ಸದ್ದು. ಗೋಡೆ, ನೆಲ, ಅಡುಗೆಮನೆಯ ಲೋಟ ಎಲ್ಲವೂ ನಡುಗುತ್ತಿರುತ್ತವೆ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ತಲೆ ಚಿಟ್ಟು ಹಿಡಿದಿತ್ತು. ಈಗ ಸದ್ದು ನಿಂತರೇ ಎಚ್ಚರವಾಗುತ್ತದೆ. ಅಮಾವಾಸ್ಯೆಗೆ ಮಾತ್ರ ಮಗ್ಗಗಳಿಗೆ ರಜೆ.

ತೊಂಬತ್ತೆಂಟರಲ್ಲಿ ನನ್ನ ಗಂಡ ರವಿಶಂಕರ್ ಸೀರೆಯ ಡಿಸೈನ್ ಬರೆಯಲೆಂದು ಕಂಪ್ಯೂಟರ್ ತಂದರು. ನಾನು ಟೈಪಿಂಗ್ ಪಾಸು ಮಾಡಿದವಳು ಎಂಬ ಒಂದೇ ಕಾರಣಕ್ಕೆ ಅದರ ಮುಂದೆ ನನ್ನನ್ನು ಕೂರಿಸಿದರು. ಬೆಂಗಳೂರಿನ ಅಂಗಡಿಯಿಂದ ನವೀನ್‌ಕುಮಾರ್ ಎಂಬವರು ಬಂದು ಒಂದು ವಾರ ಕಲಿಸಿಹೋದರು. ಹೋಗುವಾಗ, "ಮೇಡಂ, ಬರೆದಿದ್ದಕ್ಕೆ ಹೆಸರು ಕೊಟ್ಟು ಸೇವ್ ಮಾಡ್ತಿರಿ, ಮರೀಬೇಡಿ" ಎಂದರು. ನಾನು ಮರೆಯಲಿಲ್ಲ. ಆದರೆ ಹೆಸರಿಡುವುದಕ್ಕೆ ನಮ್ಮ ಮನೆಯಲ್ಲಿ ಬಿಡಬೇಕಲ್ಲ!

ನಮ್ಮ ಮಾವ ಲಕ್ಷ್ಮಣಪ್ಪನವರ ಮನೆತನದಲ್ಲಿ ಒಂದು ಪದ್ಧತಿ. ಹೊಸ ಅಂಚಿನ ಮೊದಲ ಸೀರೆಯನ್ನು ಮಗ್ಗದಿಂದ ಕೊಯ್ದು ಇಳಿಸುವ ತನಕ ಅಂಚಿಗೆ ಹೆಸರಿಡಬಾರದು. ಇಳಿಸಿದ ಮೇಲೆ ಮನೆಯ ಹಿರಿಯರೇ ಇಡಬೇಕು. ಪರದೆಯ ಮೇಲೆ ಹೆಸರು ಕೇಳುವ ಡಬ್ಬಿ ಬಂದಾಗಲೆಲ್ಲ ಹಿಂದೆ ನಿಂತಿರುತ್ತಿದ್ದ ನಮ್ಮ ಅತ್ತೆ ಭಾಗ್ಯಮ್ಮ, "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ತಾಳಂತೆ! ತೆಗಿಯೇ ಅದನ್ನ" ಎನ್ನುತ್ತಿದ್ದರು.

"ಒಂದು, ಎರಡು ಅಂತ ನಂಬರಾದ್ರೂ ಹಾಕ್ಲಾ ಅತ್ತೆ?"

"ಜೈಲಲ್ಲಿರೋರಿಗೆ ಹಾಕೋ ಹಂಗಾ?"

ಸರಿ ಎಂದು ನಾನು ಕ್ಯಾನ್ಸಲ್ ಒತ್ತಿ ಸುಮ್ಮನಾಗುತ್ತಿದ್ದೆ. ಕಂಪ್ಯೂಟರನ್ನು ಆರಿಸುತ್ತಲೂ ಇರಲಿಲ್ಲ. ಕರೆಂಟ್ ಹೋದರೆ ಯುಪಿಎಸ್ ಕುಂಯ್ ಎಂದು ಸ್ವಲ್ಪ ಹೊತ್ತು ಕಾಯುತ್ತಿತ್ತು. ದೇವರು ದೊಡ್ಡವನು, ಅಷ್ಟರಲ್ಲಿ ಕರೆಂಟ್ ಬಂದುಬಿಡುತ್ತಿತ್ತು.

ಆಗ ನಾನು ಬರೆಯುತ್ತಿದ್ದುದು ಮಾವನ ತಾಯಿ ಸೊಣ್ಣಮ್ಮ ಕೈಮಗ್ಗದಲ್ಲಿ ನೇಯುತ್ತಿದ್ದ ಅಂಚು. ಅದರ ಒಂದು ಸೀರೆಯೂ ಈಗ ಉಳಿದಿಲ್ಲ. ಇದ್ದದ್ದು ಮಾವನ ತಲೆಯೊಳಗೆ ಮಾತ್ರ. ಸಕ್ಕರೆ ಕಾಯಿಲೆ ಮಾವನ ಕಣ್ಣು ತಿಂದಿತ್ತು, ನೆನಪೂ ಸಡಿಲವಾಗುತ್ತಿತ್ತು. ತಿಂಡಿ ತಿಂದೆನೋ ಇಲ್ಲವೋ ಎಂದು ದಿನಾ ಕೇಳುತ್ತಿದ್ದ ಮನುಷ್ಯ, ಎರಡು ದಿನ ನನ್ನ ಪಕ್ಕ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಬೆರಳು ಆಡಿಸುತ್ತ ಹೇಳುತ್ತ ಹೋದರು. "ಎರಡು ಎಳೆ ಎತ್ತು, ಒಂದು ಬಿಡು. ಮೂರು ಎತ್ತು. ಈಗ ಹಂಸದ ಕತ್ತು ಬಂತು ನೋಡಮ್ಮ." ಅವರು ಎತ್ತೆಂದ ಎಳೆಗೊಂದರಂತೆ ನಾನು ಚೌಕ ತುಂಬಿದೆ. ಪರದೆಯ ಮೇಲೆ ನಿಜವಾಗಿಯೂ ಹಂಸ ಕತ್ತು ಬಾಗಿಸಿತು!

ಕಂಪ್ಯೂಟರ್ ಬಂದ ಮೇಲಿನ ಮೊದಲ ಅಮಾವಾಸ್ಯೆಯ ಬೆಳಿಗ್ಗೆ ಮಗ್ಗಗಳು ನಿಂತವು. ನಾನು ಪೂಜೆ, ಒಬ್ಬಟ್ಟು ಎಂದು ಅಡುಗೆಮನೆ ಸೇರಿದೆ. ಮಧ್ಯಾಹ್ನ ಊಟ ಮುಗಿಸಿ, ಹಂಸದ ಬಾಲದ ಕೊನೆ ಸರಿಯಿದೆಯೇ ನೋಡೋಣವೆಂದು ಬಂದರೆ ಪರದೆ ಕಪ್ಪಗಿತ್ತು. ಮೌಸ್ ಅಲ್ಲಾಡಿಸಿದೆ, ಕೀ ಒತ್ತಿದೆ, ಮಾನಿಟರಿನ ಗುಂಡಿ ಆರಿಸಿ ಹಾಕಿದೆ. ಏನೂ ಇಲ್ಲ. ಡಬ್ಬದೊಳಗೆ ಫ್ಯಾನು ಮಾತ್ರ ಗುಂಯ್ ಎನ್ನುತ್ತಿತ್ತು.

"ರೀ!" ಎಂದು ಕಿರುಚಿದೆ.

ಗಂಡ ಬಂದು ನೋಡಿ, "ಆಫ್ ಮಾಡಿ ಆನ್ ಮಾಡೋಣ ತಗೋ" ಎಂದು ಕೈ ಚಾಚಿದರು. ಆ ಕೈಗೆ ನಾನು ಒಂದು ಏಟು ಹಾಕಿದ್ದೇನೆ. ಅದಕ್ಕೆ ಇಂದಿಗೂ ಪಶ್ಚಾತ್ತಾಪವಿಲ್ಲ.

"ಆಫ್ ಮಾಡಿದ್ರೆ ಅಂಚು ಹೋಯ್ತು! ಹೆಸರಿಟ್ಟಿಲ್ಲ, ಸೇವ್ ಆಗಿಲ್ಲ!"

ಗಲಾಟೆ ಕೇಳಿ ಮಾವ ಗೋಡೆ ಹಿಡಿದುಕೊಂಡು ಬಂದರು. ವಿಷಯ ತಿಳಿದು, "ಅದಕ್ಯಾಕಮ್ಮ ಅಳ್ತೀಯ, ಇನ್ನೊಂದ್ಸಲ ಹೇಳ್ತೀನಿ" ಎಂದು ಕುರ್ಚಿಯಲ್ಲಿ ಕೂತು ಬೆರಳು ಆಡಿಸಿದರು. "ಎರಡು ಎತ್ತು, ಒಂದು ಬಿಡು. ಎರಡು... ಅಲ್ಲ, ನಾಲ್ಕು..." ಬೆರಳು ನಿಂತಿತು. ಮತ್ತೆ ಮೊದಲಿನಿಂದ ಶುರುಮಾಡಿದರು, ಮತ್ತೆ ಅಲ್ಲೇ ನಿಂತರು. ಆಮೇಲೆ ಮಾವ ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತುಬಿಟ್ಟರು.

ಗಂಡ ನಡುಮನೆಗೆ ಓಡಿ ನವೀನ್‌ಕುಮಾರರ ಮನೆಗೇ ಫೋನ್ ಮಾಡಿದರು. ಪುಣ್ಯಾತ್ಮ ಊಟದ ಎಲೆ ಬಿಟ್ಟೆದ್ದು ಬಂದು ಮಾತಾಡಿದರಂತೆ. ಅವರು ಅಲ್ಲಿಂದ ಹೇಳುವುದು, ನನ್ನ ಗಂಡ ನಡುಮನೆಯಿಂದ ಕೂಗುವುದು, ಬಾಗಿಲಲ್ಲಿ ನಿಂತ ಅತ್ತೆ ಅದನ್ನೇ ಇನ್ನೂ ಜೋರಾಗಿ ನನಗೆ ಕೂಗುವುದು. ಬೀದಿಯವರಿಗೆಲ್ಲ ನಮ್ಮ ಕಂಪ್ಯೂಟರಿನ ಜಾತಕ ಗೊತ್ತಾಯಿತು.

"ಹಿಂದ್ಗಡೆ ವೈರು ಭದ್ರವಾಗೈತಾ ಅಂತೆ!"

"ಐತೆ!"

"ಬೆಳಕಿನ ತಿರುಪು ತಿರುಗಿಸಬೇಕಂತೆ!"

"ತಿರುಗಿಸ್ದೆ, ಏನೂ ಇಲ್ಲ!"

"ನಂ ಲಾಕ್ ಅನ್ನೋ ಕೀಲಿ ಒತ್ತಬೇಕಂತೆ. ಕೀಬೋರ್ಡಲ್ಲಿ ಹಸಿರು ದೀಪ ಹತ್ತಿ ಆರ್ತೈತಾ?"

ಒತ್ತಿದೆ. ದೀಪ ಆರಿತು. ಮತ್ತೆ ಒತ್ತಿದೆ, ಹತ್ತಿತು.

"ಹತ್ತಿ ಆರ್ತೈತೆ!"

ಗಂಡ ಈ ಸಲ ಕೂಗದೆ, ಫೋನನ್ನು ಪಕ್ಕಕ್ಕಿಟ್ಟು ಓಡಿಯೇ ಬಂದರು. "ವಾಣಿ, ಅದು ಎಚ್ಚರವಾಗೇ ಐತಂತೆ ಕಣೇ. ಪರದೆ ಮಾತ್ರ ಎದ್ದಿಲ್ಲ. ನೀನು ಒತ್ತಿದ್ದೆಲ್ಲ ಅದಕ್ಕೆ ಕೇಳಿಸ್ತಾ ಐತಂತೆ. ಕಂಟ್ರೋಲ್ ಅದುಮ್ಕೊಂಡು ಎಸ್ ಒತ್ತಿ, ಕಾಣದೇ ಇದ್ರೂ ಹೆಸರು ಬರೆದು, ಎಂಟರ್ ಹೊಡಿ ಅಂದ್ರು."

ಹೆಸರು! ಎಲ್ಲರೂ ಮಾವನ ಕಡೆ ತಿರುಗಿದೆವು. ಸೀರೆ ಇನ್ನೂ ಮಗ್ಗಕ್ಕೇ ಏರಿಲ್ಲ, ಮೇಲಾಗಿ ಅಮಾವಾಸ್ಯೆ. ಕುಲಾವಿಯ ಮಾತೆತ್ತುತ್ತಾರೇನೋ ಎಂದು ಅತ್ತೆಯ ಮುಖ ನೋಡಿದೆ. ಅವರೂ ಮಾವನನ್ನೇ ನೋಡುತ್ತಿದ್ದರು.

"ಮಾವ, ಏನಂತ ಇಡ್ಲಿ? ಅಜ್ಜಿ ಹೆಸರು ಇಡ್ಲಾ?"

ಮಾವ ನನ್ನ ಕಡೆ ಮುಖ ತಿರುಗಿಸಿದರು. "ನಿಂಗೆ ಈಗ ಪರದೆ ಕಾಣಲ್ಲ, ಅಲ್ವೇನಮ್ಮ?"

"ಇಲ್ಲ ಮಾವ."

"ಕಣ್ಣು ಮುಚ್ಕೊಂಡು ಬರೆದ್ರೂ ನಿನ್ನ ಕೈ ತಪ್ಪದೇ ಇರೋ ಹೆಸರು ಯಾವ್ದು?"

ಇದೆಂಥ ಪ್ರಶ್ನೆ ಎನಿಸಿತು. "ನನ್ನ ಹೆಸರೇ" ಎಂದೆ.

"ಅದನ್ನೇ ಇಡು."

ತಕರಾರು ಮಾಡುವ ಹೊತ್ತಲ್ಲ ಅದು. ಟೈಪಿಂಗ್ ಕಲಿಸಿದ ಪಿಳ್ಳಣ್ಣ ಮೇಷ್ಟ್ರು ನಮ್ಮ ಕೈಮೇಲೆ ಟವಲ್ ಹೊದಿಸಿ, ಕೀಲಿ ನೋಡದೆ ಹೊಡೆಯಬೇಕೆಂದು ಗದರುತ್ತಿದ್ದರು. ಆಗ ಅವರನ್ನು ಬೈದುಕೊಂಡಷ್ಟೂ ಈಗ ನೆನೆದು ಕೈ ಮುಗಿದೆ. ಕಂಟ್ರೋಲ್, ಎಸ್. ಇಂಗ್ಲಿಷಿನಲ್ಲಿ ನನ್ನ ಹೆಸರಿನ ನಾಲ್ಕು ಅಕ್ಷರ. ಎಂಟರ್.

ಡಬ್ಬದ ಮೇಲಿನ ಸಣ್ಣ ಕೆಂಪು ದೀಪ ಮಿಣುಕಿತು. ಒಳಗೆ ಇಲಿ ಕಡಿದಂತೆ ಕರಕರ ಎಂದಿತು. ಆಮೇಲೆ ಸುಮ್ಮನಾಯಿತು.

"ಇನ್ನು ಆಫ್ ಮಾಡ್ಬಹುದಂತೆ" ಎಂದು ಗಂಡ ಮತ್ತೆ ನಡುಮನೆಯಿಂದ ಕೂಗಿದರು. ಗುಂಡಿ ಒತ್ತಲು ನನಗೆ ಧೈರ್ಯ ಬರಲಿಲ್ಲ. ಅತ್ತೆಗೆ ಮೊದಲೇ ಬರಲಿಲ್ಲ. ಕೊನೆಗೆ ಮಾವನೇ, "ಎಲ್ಲೈತೆ ತೋರ್ಸಮ್ಮ" ಎಂದರು. ಅವರ ಬೆರಳನ್ನು ಹಿಡಿದು ಗುಂಡಿಯ ಮೇಲೆ ಇಟ್ಟೆ. ಅವರು ಗಟ್ಟಿಯಾಗಿ ಒತ್ತಿದರು. ಫ್ಯಾನಿನ ಸದ್ದು ನಿಂತು ಮನೆಯೆಲ್ಲ ನಿಶ್ಶಬ್ದವಾಯಿತು.

ಮತ್ತೆ ಹಾಕಿದಾಗ ಪರದೆ ಬೆಳಗಿತು. ಹುಡುಕಿದೆ. ನನ್ನ ಹೆಸರು ಅಲ್ಲಿತ್ತು. ಒತ್ತಿದರೆ ಹಂಸ, ಬಾಗಿದ ಕತ್ತು, ಬಾಲ, ಒಂದು ಚೌಕವೂ ಆಚೀಚೆ ಆಗದೆ ಇತ್ತು!

"ಐತೆ ಮಾವ, ಪೂರ್ತಿ ಐತೆ" ಎನ್ನುವಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತು. ಗಂಡ ಫೋನಿನಲ್ಲಿ, "ಸಿಕ್ತು ಸಾರ್, ನಿಮ್ಮ ಹೊಟ್ಟೆ ತಣ್ಣಗಿರಲಿ" ಎನ್ನುತ್ತಿದ್ದುದು ಕೇಳಿಸಿತು.

ಮಾರನೆಯ ವಾರ ನವೀನ್‌ಕುಮಾರ್ ಫ್ಲಾಪಿ ತಂದು ಪರದೆಯ ರೋಗ ವಾಸಿಮಾಡಿದರು. ಮೌಸ್ ಅಲ್ಲಾಡದಿದ್ದರೆ ಸ್ವಲ್ಪ ಹೊತ್ತಿಗೆ ಈ ಯಂತ್ರ ಮಲಗುತ್ತದಂತೆ. "ಇಷ್ಟು ದಿನ ಒಂದು ಸಲಾನೂ ಮಲಗಿಲ್ವಾ?" ಎಂದು ಅವರಿಗೇ ಆಶ್ಚರ್ಯ. ಅಷ್ಟರಲ್ಲಿ ಹೋಗಿದ್ದ ಕರೆಂಟ್ ಬಂದು ಹಿಂದೆ ಮಗ್ಗಗಳು ಶುರುವಾದವು. ಮೇಜು ನಡುಗಿ, ಯಾರೂ ಮುಟ್ಟದೆಯೇ ಮೌಸಿನ ಬಾಣ ಪರದೆಯ ಮೇಲೆ ಚೂರು ಚೂರೇ ಸರಿಯಿತು. ನವೀನ್‌ಕುಮಾರ್ ಬಿದ್ದು ಬಿದ್ದು ನಕ್ಕರು. ಮಗ್ಗಗಳು ಅಷ್ಟು ದಿನವೂ ಅದನ್ನು ತಟ್ಟಿ ತಟ್ಟಿ ಎಚ್ಚರವಿಟ್ಟಿದ್ದವು. ಅವಕ್ಕೆ ರಜೆ ಸಿಕ್ಕ ದಿನ ಇದೂ ಮಲಗಿತ್ತು. ನವೀನ್‌ಕುಮಾರರಿಗೆ ಅತ್ತೆ ಒಬ್ಬಟ್ಟು ಮಾಡಿ, ಅಂದು ಅರ್ಧಕ್ಕೆ ಬಿಟ್ಟ ಊಟದ ಬಾಕಿ ಎಂದು ಎರಡೆರಡು ಬಡಿಸಿದರು.

ಮೊದಲ ಸೀರೆ ಮಗ್ಗದಿಂದ ಇಳಿದ ದಿನ ನಾನೇ ಮಾವನ ಹತ್ತಿರ ಹೋದೆ. "ಮಾವ, ಅವತ್ತು ಗಡಿಬಿಡೀಲಿ ನನ್ನ ಹೆಸರಿಟ್ಟಿದ್ದು. ಕಂಪ್ಯೂಟರಲ್ಲಿ ಹೆಸರು ಬದಲಾಯಿಸೋದು ಸುಲಭ. ಈಗ ಪದ್ಧತಿ ಪ್ರಕಾರ ಅಜ್ಜಿ ಹೆಸರು ಇಟ್ಬಿಡಿ."

ಮಾವ ಸೀರೆಯನ್ನು ತೊಡೆಯ ಮೇಲೆ ಹರಡಿಕೊಂಡು ಅಂಚಿನ ಉದ್ದಕ್ಕೂ ಬೆರಳು ಆಡಿಸಿದರು. ಹಂಸದ ಕತ್ತಿನ ಹತ್ತಿರ ಬಂದಾಗ ಬೆರಳು ತಾನೇ ನಿಂತಿತು.

"ಗಡಿಬಿಡಿ ನಿಂಗಿತ್ತು ಕಣಮ್ಮ, ನಂಗಿರ್ಲಿಲ್ಲ" ಎಂದರು. "ನಮ್ಮವ್ವ ನೇಯ್ದಳು. ನಾನು ಕಳ್ಕೊಂಡೆ. ನೀನು ಹಿಡ್ಕೊಂಡೆ. ಇಟ್ಟ ಹೆಸರು ತೆಗಿಯೋ ಪದ್ಧತಿ ನಮ್ಮನೇಲಿಲ್ಲ."

ಮಾವನ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಅವರು ಸೀರೆಯನ್ನು ಮಡಿಸಿ ನನ್ನ ಕೈಗಿಟ್ಟು, "ಇದು ಮಾರೋದಲ್ಲ, ಉಟ್ಕೋ" ಎಂದರು. ಆಮೇಲೆ ಅತ್ತೆಯ ಕಡೆ ತಿರುಗಿ, ತಾನು ತಿಂಡಿ ತಿಂದೆನೋ ಇಲ್ಲವೋ ಎಂದು ಕೇಳಿದರು.