ಮಾವನ ದನಿ

ಅನೂರ್ ಅನೂರ್ ಅನೂರ್ — ಬಸ್‌ಸ್ಟ್ಯಾಂಡಿನಿಂದ ಕಂಡಕ್ಟರ್ ಕೂಗುತ್ತಿದ್ದಾನೆ, ಹನೂರಿನ ಹಕಾರವನ್ನು ಟಿಕೆಟ್ಟಿಲ್ಲವೆಂದು ಕೊಳ್ಳೇಗಾಲದಲ್ಲೇ ಇಳಿಸಿಬಿಟ್ಟಿದ್ದಾನೆ, ಮೂರನೆಯ ಅನೂರಿಗೆ ಉಸಿರು ಮೂಗಿಗೇರುತ್ತದೆ, ಗುಟ್ಟು ಅಲ್ಲೇ ಇರುವುದು, ಗಂಟಲನ್ನು ಯಾರು ಬೇಕಾದರೂ ಹಿಡಿಯಬಹುದು, ಉಸಿರನ್ನು ಹಿಡಿಯಬೇಕು, ಮಿಮಿಕ್ರಿ ಅಂದರೆ ಅಷ್ಟೇ ಕಣ್ರಯ್ಯ ಅಂತ ಕಾಲೇಜಿನ ಹುಡುಗರಿಗೆ ಹೇಳುತ್ತಿರುತ್ತೇನೆ, ಅಲ್ಲಿ ನಾನು ಅತಿಥಿ ಉಪನ್ಯಾಸಕ, ಮನೆಯಲ್ಲೂ ಈಗ ಅದೇ ಹುದ್ದೆ — ಆಶಾರಾಣಿ ದೀಪ ಹಚ್ಚಿ ಬಂದು ಜಗಲಿಯ ಮೇಲೆ ಕೂತಳು, ಕಾಲೆರಡನ್ನೂ ಮೇಲಕ್ಕೆಳೆದುಕೊಂಡು ಸೀರೆಯ ಅಂಚಿನಲ್ಲಿ ಮುಚ್ಚಿಕೊಂಡಳು, ಸ್ಕೂಲು ಬಿಟ್ಟು ಬಂದ ಹುಡುಗಿಯ ಹಾಗೆ. ಹೀಗೆ ಕೂತಳೆಂದರೆ ನನ್ನ ಹೆಂಡತಿಗೆ ಬೇಕಾದವನು ಗಂಡನಲ್ಲ, ಅಪ್ಪ. ಅಪ್ಪ ಸತ್ತು ವರ್ಷಗಳಾದವು, ಕೊರೊನಾದ ಎರಡನೆಯ ಅಲೆಯಲ್ಲಿ, ಆದರೂ ಸಂಜೆ ಸಂಜೆ ಬರುತ್ತಾರೆ, ನನ್ನ ಬಾಯಲ್ಲಿ.

ಮೊದಲ ಲಾಕ್‌ಡೌನಿನಲ್ಲಿ ಎಷ್ಟು ನಕ್ಕಿದ್ದೆವು, ಫೋನಿನಲ್ಲಿ ಕೆಮ್ಮಿ ಎಚ್ಚರಿಸುತ್ತಿದ್ದ ಹೆಂಗಸಿನ ದನಿಯಲ್ಲಿ ಸಾರು ಬಡಿಸುತ್ತಿದ್ದೆ, ಅಂತರ ಕಾಪಾಡಿ ಅನ್ನುತ್ತಲೇ ಹತ್ತಿರ ಹೋಗುತ್ತಿದ್ದೆ, ಅಯ್ಯೋ ತೆಗೀರಿ ಕೈಯ ಅನ್ನುತ್ತಿದ್ದಳು, ತೆಗೆಯಲಿ ಅಂತಲ್ಲ. ಶಾಗ್ಯದ ಮಾವ ಪುಟ್ಟಮಲ್ಲಪ್ಪನವರನ್ನೂ ಆಗಲೇ ಮಾಡಿ ತೋರಿಸುತ್ತಿದ್ದೆ, ಮಾತಿಗೆ ಮುಂಚೆ ಒಮ್ಮೆ ಮೂಗೆಳೆದು, ಕೂಸು ಅನ್ನುವಾಗ ದನಿ ಇಳಿಸಿ — ಥೇಟ್ ನಮ್ಮಪ್ಪನೇ ಕಣ್ರಿ ಅಂತ ಚಪ್ಪಾಳೆ ತಟ್ಟುತ್ತಿದ್ದಳು. ಮರುವರ್ಷ ಅವಳಿಗೇ ಬಂತು, ಒಳಕೋಣೆಯಲ್ಲಿ ಅವಳು, ಬಾಗಿಲಾಚೆ ನಾನು, ತಟ್ಟೆ ಇಟ್ಟು ಹಿಂದೆ ಸರಿಯುವುದು, ಆ ವಾರವೇ ಮಾವ ಆಸ್ಪತ್ರೆಯಲ್ಲಿ ತೀರಿಹೋದರು, ಅವಳ ತಮ್ಮ ಬಸವೇಶ ಫೋನು ಮಾಡಿದ, ಭಾವ, ನಾವೂ ಮುಟ್ಟಂಗಿಲ್ವಂತೆ, ಚೀಲದಲ್ಲಿ ಕಟ್ಕಂಡು ಬಂದವ್ರೆ, ಮಕಾನೂ ತೋರುಸ್ನಿಲ್ಲ — ಬಾಗಿಲಿಗೆ ಬಾಯಿಟ್ಟು ಹೇಳಿದೆ, ಒಳಗಿನಿಂದ ಒಂದೇ ಮಾತು, ರೀ, ಒಂದ್ಸಲ ಅಪ್ಪನ ತರ ಮಾತಾಡ್ರಿ. ಮೂಗೆಳೆದೆ. ಇಟ್ಟು ಉಂಡ್ಯಾ ಕೂಸು? ಉಂಡೆ ಕಣಪ್ಪ, ಅಂದಳು, ಉಂಡಿರಲಿಲ್ಲ, ಮುದ್ದೆಯ ತಟ್ಟೆ ನನ್ನ ಮುಂದೆಯೇ ಇತ್ತು, ಆಮೇಲೆ ಬಾಗಿಲು ಒಂದಿಷ್ಟು ತೆರೆದು ಅದನ್ನು ಒಳಗೆ ಎಳೆದುಕೊಂಡಳು. ಕಾಯಿಲೆ ಹೋಯಿತು, ಬಾಗಿಲು ಪೂರಾ ತೆರೆಯಿತು, ಅಪ್ಪ ಮಾತ್ರ ಹೋಗಲಿಲ್ಲ. ಮೊದಮೊದಲು ಅನುಕೂಲವೇ ಆಯಿತು, ಅಪ್ಪಾ, ನಿನ್ನಳಿಯ ಒದ್ದೆ ಟವಲ್ ಮಂಚದ ಮ್ಯಾಲ್ ಎಸೀತರೆ ನೋಡು, ಅನ್ನುವಳು, ಬುಡು ಕೂಸು, ಅವ್ನಿಗೆ ಬಾಯಿ ಜಾಸ್ತಿ ಬುದ್ಧಿ ಕಮ್ಮಿ, ನಾ ಯೇಳ್ತಿನಿ, ಅನ್ನುವೆ, ಮಾರನೆಯ ದಿನ ಟವಲ್ ಹರವುವೆ, ಅವಳು ನಗುವಳು — ಆ ನಗು ಯಾವಾಗ ನಿಂತಿತೋ ಗೊತ್ತಿಲ್ಲ. ನಾನು ನಾನಾಗಿ ಕೇಳಿದರೆ ಹ್ಞೂ ರೀ, ಇಲ್ಲ ರೀ, ಸಕ್ಕರೆ ಮುಗ್ದದೆ ರೀ. ಹೊಟ್ಟೆಯಲ್ಲಿದ್ದದ್ದು ನಿಲ್ಲಲಿಲ್ಲ ಅಂತ ಅತ್ತದ್ದೂ ಅಪ್ಪನ ಹತ್ತಿರವೇ, ಅಪ್ಪನಾಗಿ ಸಮಾಧಾನ ಮಾಡಿದೆ, ಗಂಡನಾಗಿ ಅಳುವುದು ಹಾಗೇ ಉಳಿಯಿತು, ಬೆಳಿಗ್ಗೆ ಎದ್ದು ಚಟ್ನಿಗೆ ಉಪ್ಪು ಸಾಲದು ಅಂದೆ. ಒಂದು ಸಂಜೆ ಗಂಟಲು ಕಟ್ಟಿದೆ ಅಂದು ನೋಡಿದೆ, ಅಂಗಾರ ನಾಳೆ ಮಾತಾಡ್ತಿನಿ ಬುಡಿ, ಅಂತ ಎದ್ದು ಒಳಗೆ ಹೋದಳು, ಯಾರ ಜೊತೆ ಅಂತ ನಾನು ಕೇಳಲಿಲ್ಲ.

ಅಪ್ಪಾ, ಅನ್ನುತ್ತಿದ್ದಾಳೆ ಈಗ. ಈ ಮನೇಲಿ ನನ್ನ ಜೊತೆ ಮಾತಾಡೋರು ಯಾರೂ ಇಲ್ಲ ಕಣಪ್ಪ, ಬಸವೇಶ ಮುಂದಿನ ರೂಮು ಬುಟ್ಕೊಡ್ತಿನಿ ಅಂದವ್ನೆ, ಬಟ್ಟೆಯೆಲ್ಲ ಮಡಿಸಿಟ್ಟಿವ್ನಿ, ಬಂದ್ಬುಡ್ಲಾ? ಆಶಾ, ಅಂದೆ, ನನ್ನ ದನಿಯಲ್ಲೇ, ಅದು ಯಾರೋ ನನ್ನನ್ನು ಕೆಟ್ಟದಾಗಿ ಅನುಕರಿಸಿದ ಹಾಗೆ ಕೇಳಿಸಿತು, ಸ್ವಲ್ಪ ಇರಿ ರೀ, ಅಪ್ಪನತ್ರ ಮಾತಾಡ್ತಿವ್ನಿ, ಅಂದಳು. ಇದ್ದೆ. ಏನೂ ಆಗುತ್ತಿಲ್ಲ, ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ವಸಡಿನ ಹಾಗಿದೆ ಎದೆ, ಒಳಗೆ ಇಕ್ಕಳ ಆಡುವುದು ಗೊತ್ತಾಗುತ್ತದೆ, ಅಷ್ಟೇ. ಅಲ್ಲೇ ಇರು ಕೂಸು, ಗಂಡನ ಜೊತೆ ಒಂದ್ಕಂಡು ಓಗು, ಅಂತ ಮಾವನ ಬಾಯಲ್ಲಿ ಅನ್ನಿಸಬಹುದು, ಬಾಯಿ ನನ್ನದೇ ತಾನೇ, ಆದರೆ ಬದುಕಿದ್ದಾಗ ಅವರು ಆ ಮಾತು ಆಡಿದವರಲ್ಲ, ಆ ಮಾತಿಗೆ ಅವರ ಉಸಿರೇ ಇಲ್ಲ, ಅಂದ ಕೂಡಲೇ ಅವಳಿಗೆ ತಿಳಿದುಹೋಗುತ್ತದೆ, ಅವರನ್ನು ಮತ್ತೆ ಚೀಲಕ್ಕೆ ಹಾಕಿ ಕಟ್ಟಿದ ಹಾಗೆ, ಈ ಸಲ ನಾನೇ — ಮದುವೆಯ ದಿನ ಕಾರಿನ ಕಿಟಕಿಯೊಳಗೆ ತಲೆ ತೂರಿಸಿ ಏನಂದಿದ್ದರು, ನಾನು ಪಕ್ಕದಲ್ಲೇ ಕೂತಿದ್ದೆ, ಬಾಸಿಂಗ ಕಟ್ಟಿಕೊಂಡು ನಗುತ್ತಿದ್ದೆ, ಸರಿಬರ್ನಿಲ್ಲ ಅಂದ್ರ — ಮೂಗೆಳೆದುಕೊಂಡೆ. ಬಂದ್ಬುಡು ಕೂಸು. ಚೆನ್ನಾಗಿ ಬಂತು, ಇಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ, ಕೂಸಿನ ಹತ್ತಿರ ದನಿ ತಾನಾಗಿ ಇಳಿಯಿತು, ಸರಿ ಕಣಪ್ಪ, ಅನ್ನುತ್ತಿದ್ದಾಳೆ, ನನ್ನ ಕಡೆ ನೋಡುತ್ತಿಲ್ಲ, ಸೀರೆಯ ಅಂಚಿನಿಂದ ಬಲಗಾಲು ಹೊರಬಂತು, ಕೆಳಗಿಳಿಯಿತು, ಹೆಬ್ಬೆರಳು ನೆಲದ ಮೇಲೆ ಚಪ್ಪಲಿ ಹುಡುಕುತ್ತಿದೆ, ಚಪ್ಪಲಿ ಮಗುಚಿ ಬಿದ್ದಿದೆ, ಬಗ್ಗಿ ಸರಿಮಾಡಬಹುದು ನಾನು, ಬಗ್ಗುತ್ತಿಲ್ಲ, ಹೆಬ್ಬೆರಳು ಅದರ ಅಂಚು ಹಿಡಿದು ತಿರುಗಿಸುತ್ತಿದೆ, ಜಾರಿತು, ಮತ್ತೆ ಹುಡುಕುತ್ತಿದೆ, ಮತ್ತೆ ತಿರುಗಿಸುತ್ತಿದೆ, ಹೆಬ್ಬೆರಳು —