ಇವತ್ತು ಯಾರ ಸರದಿ

ಅಥವಾ ವಿವರ ತುಂಬಲು ಹೋದ ಇಜ್ಜಾ ಯಾರನ್ನೂ ಏನೂ ಕೇಳದೆ ಬಂದಳೇ? ಒಂದು ಖೆತ್ತಾರದ ವಿವರವೆಲ್ಲ ನಲವತ್ತೊಂದು ಸೆಕೆಂಡಿನಲ್ಲಿ ಮುಗಿಯುವುದು ಹೇಗೆ? ಖೆತ್ತಾರವೆಂದರೆ ನೆಲದಡಿಯ ನೀರಿನ ಕಾಲುವೆ, ಅದರ ಉದ್ದಕ್ಕೂ ಸಾಲಾಗಿ ಇಳಿಬಾವಿಗಳ ಬಾಯಿ, ಪಾಲುದಾರರು, ಅವರ ಸರದಿಯ ದಿನಗಳು. ಒಟ್ಟು ಹನ್ನೆರಡು ಪ್ರಶ್ನೆ. ಬಾಯಿಂದ ಬಾಯಿಗೆ ನಡೆಯಲಿಕ್ಕೇ ಅರ್ಧ ದಿನ ಬೇಕು. ಹೋಗಿಯೇ ಇಲ್ಲ ಎನ್ನೋಣವೆಂದರೆ ಸ್ಥಳದ ಗುರುತು ಸರಿಯಾಗಿದೆ. ಕಾಲುವೆ ಬೆಳಕಿಗೆ ಬರುವ ಜಾಗದಿಂದ ನಾಲ್ಕು ಮೀಟರಿನೊಳಗೆ ಅವಳು ನಿಂತಿದ್ದಳು. ಅಷ್ಟು ದೂರ ಹೋದವಳು ಸುಳ್ಳು ಬರೆಯುವುದು ಯಾಕೆ?

ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ನಾಲ್ಕನೆಯವನಾಗಿ ಒತ್ತಿಕೊಂಡು ಕೂತಿದ್ದ ಸುಹೈಲ್ ಇದನ್ನೇ ತಿರುಗಿಸಿ ಮುರುಗಿಸಿ ಯೋಚಿಸುತ್ತಿದ್ದ. ಭೂಗೋಳದಲ್ಲಿ ಪದವಿ ಮಾಡಿ, ಇರ್ರಶೀದಿಯ ಪಟ್ಟಣದ ನೀರಿನ ನಕ್ಷೆಯ ಕಚೇರಿಗೆ ಸೇರಿ ಎರಡು ವರ್ಷವಾಗಿತ್ತು. ಹಳ್ಳಿ ಹಳ್ಳಿಗೆ ಹೋಗಿ ವಿವರ ತುಂಬುವವರ ಫೋನುಗಳಲ್ಲಿರುವ ಫಾರಂ ಅವನೇ ಮಾಡಿದ್ದು. ಬೆಳಿಗ್ಗೆ ಮುಖ್ಯಸ್ಥರು, "ಆ ಇಜ್ಜಾ ಚಹಾ ಕುಡಿದು ಎದ್ದು ಬಂದಿದ್ದಾಳೆ, ಅಷ್ಟೆ. ಹೋಗಿ ನೋಡು. ಸಂಜೆ ಆರಕ್ಕೆ ನಕ್ಷೆ ಮುಚ್ಚುತ್ತೆ, ಆಮೇಲೆ ನನ್ನ ಕೇಳಬೇಡ" ಎಂದಿದ್ದರು.

ಅವಳು ಹೋಗಿದ್ದ ಸಹ್ಲಿ ಎಂಬ ಹಳ್ಳಿಯ ಖೆತ್ತಾರ ನಕ್ಷೆಯಲ್ಲಿ ಒಂದು ಬೂದು ಚುಕ್ಕೆ. ಪಾಲುದಾರರ, ಬಾಯಿಗಳ ವಿವರವಿರುವ ಕಾಲುವೆ ಮಾತ್ರ ಗೆರೆಯಾಗಿ ಕಾಣಿಸುತ್ತದೆ. ನೀರಿರಲಿ, ಇಲ್ಲದಿರಲಿ, ಗೆರೆಯ ಐನೂರು ಮೀಟರಿನೊಳಗೆ ಹೊಸ ಕೊಳವೆಬಾವಿ ತೋಡುವಂತಿಲ್ಲ. ಬೂದು ಚುಕ್ಕೆಗೆ ಅಂಥ ಕಾವಲು ಇಲ್ಲ. ಟ್ಯಾಕ್ಸಿ ಇಳಿದ ಕೂಡಲೇ ಅವನ ಕಣ್ಣಿಗೆ ಬಿದ್ದದ್ದು ಊರಾಚೆ, ಹೊಸ ಖರ್ಜೂರದ ತೋಟದ ಬೇಲಿಯ ಹತ್ತಿರ, ಕೊಳವೆ ಕೊರೆಯುವ ಲಾರಿ. ಅದರ ಎತ್ತರದ ಕಂಬವನ್ನು ಮಡಚಿ ಮಲಗಿಸಿದ್ದರು. ನಕ್ಷೆ ಮುಚ್ಚುವುದನ್ನೇ ಕಾಯುತ್ತಿದ್ದರು.

ಇಜ್ಜಾ ಊರ ಬಾಗಿಲಲ್ಲಿ ನಿಂತಿದ್ದಳು. ಮೂವತ್ತರ ಆಸುಪಾಸಿನ ಹೆಂಗಸು, ಅಗಲ ಅಂಚಿನ ಹುಲ್ಲಿನ ಟೋಪಿಯ ಕೆಳಗೆ ತಲೆವಸ್ತ್ರ, ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿದ ಫೋನು.

"ನೀವೇ ಬರಬೇಕಾಯ್ತಾ, ಸೀ ಸುಹೈಲ್? ನಾನು ಅಷ್ಟು ದೊಡ್ಡ ಕಳ್ಳಿಯಾ?" ಸಾಹೇಬರೇ ಎನ್ನುವ ಹಾಗೆ ‘ಸೀ’ ಸೇರಿಸಿ ಕೇಳಿದಳು.

"ಹಾಗೇನಿಲ್ಲ. ನೋಡ್ಕೊಂಡು ಹೋಗೋಣ ಅಂತ."

"ನೋಡಿ. ನಾನು ಬಂದಿದ್ದೆ. ಬಾ ಅಲ್ಲಾಲ್‌ನ ಕೇಳಿ, ಅವರ ಕತ್ತೇನ ಕೇಳಿ."

ಬಾ ಎಂದರೆ ಅಲ್ಲಿ ಅಪ್ಪ; ಊರೆಲ್ಲ ಹಾಗೆ ಕರೆಯುವ ಅಲ್ಲಾಲ್ ಆ ಖೆತ್ತಾರದ ಹಿರಿಯ. ಯಾವ ದಿನದ ನೀರು ಯಾರದು ಎಂಬುದು ಅವನ ತಲೆಯಲ್ಲಿತ್ತು. ಕಾಲುವೆ ನೆಲದ ಮೇಲೆ ಬರುವ ಜಾಗದಲ್ಲಿ, ಮಣ್ಣಿನ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಗೋಡೆಯಲ್ಲಿ ಹದಿನೇಳು ಗೂಡುಗಳು, ಒಂದರಲ್ಲಿ ಒಂದು ಕರಿಕಲ್ಲು. ಕಾಲುವೆಯಲ್ಲಿ ನೀರಿರಲಿಲ್ಲ. ಆದರೆ ಮರಳೂ ಇರಲಿಲ್ಲ. ಅಂದೇ ಯಾರೋ ಗುಡಿಸಿದ ಪೊರಕೆಯ ಗೀರುಗಳಿದ್ದವು.

"ಎಷ್ಟು ದಿನದಿಂದ ನೀರಿಲ್ಲ, ಬಾ?" ಸುಹೈಲ್ ಕೇಳಿದ.

"ಆರು ವರ್ಷ."

"ಮತ್ತೆ ಇದನ್ನು ಗುಡಿಸಿದವರು?"

"ಇವತ್ತು ಹಮ್ಮುವಿನ ಸರದಿ. ಬೆಳಿಗ್ಗೆ ಬಂದು ಗುಡಿಸಿ ಹೋದ. ನಾಳೆ ರಹ್ಮಾದು. ಅವಳ ಮಗ ಬರ್ತಾನೆ, ಸೋಮಾರಿ, ಅರ್ಧ ಗುಡಿಸ್ತಾನೆ." ಮುದುಕ ಕರಿಕಲ್ಲನ್ನು ಬೆರಳಿನಿಂದ ಮುಟ್ಟಿ ತೋರಿಸಿದ. "ಇದನ್ನ ದಿನಾ ಮುಂದಿನ ಗೂಡಿಗೆ ಇಡ್ತೀನಿ. ನೀರು ಬಂದ ದಿನ ಅದು ಯಾರದು ಅಂತ ಜಗಳ ಆಗಬಾರದಲ್ಲ, ಮಗನೇ."

ಸುಹೈಲ್ ಆ ಕಲ್ಲನ್ನೇ ನೋಡುತ್ತ ನಿಂತ. ಆರು ವರ್ಷ ಒಂದು ದಿನವೂ ತಪ್ಪದೆ ನಡೆದ ಲೆಕ್ಕ. ಕಚೇರಿಯ ಯಾವ ದಾಖಲೆಯೂ ಅಷ್ಟು ನಿಖರವಾಗಿರಲಿಲ್ಲ.

"ಇದನ್ನೆಲ್ಲ ನೀವು ಯಾಕೆ ತುಂಬಲಿಲ್ಲ?" ಇಜ್ಜಾಳ ಕಡೆ ತಿರುಗಿ ಕೇಳಿದ. ದನಿ ಅವನಂದುಕೊಂಡದ್ದಕ್ಕಿಂತ ಗಡುಸಾಗಿ ಬಂತು.

ಅವಳು ಚೀಲದಿಂದ ಫೋನು ತೆಗೆದಳು. "ಮೊದಲನೇ ಪ್ರಶ್ನೆ, ನೀರು ಹರಿಯುತ್ತಿದೆಯೇ. ಕೇಳಿದೆ. ನಾನು ಬಂದ ದಿನ ಇವರು, ಇವತ್ತು ಮೂಸಾನ ಸರದಿ ಅಂದ್ರು. ಹೌದೋ ಇಲ್ವೋ ಹೇಳಿ, ಬಾ, ಅಂದೆ. ನಾಳೆ ಐಶಾದು ಅಂದ್ರು."

"ಇಲ್ಲ ಅನ್ನೋ ಮಾತು ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀಯ ಅಂದೆ," ಬಾ ಅಲ್ಲಾಲ್ ಸೇರಿಸಿದ. "ಕಣ್ಣಿದೆಯಲ್ಲ, ನೋಡ್ಕೋ ಅಂದೆ."

"ನೋಡಿದೆ. ಇಲ್ಲ ಅಂತ ಒತ್ತಿದೆ." ಇಜ್ಜಾ ಅದನ್ನೇ ಮತ್ತೆ ಒತ್ತಿ ತೋರಿಸಿದಳು. ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು: ಧನ್ಯವಾದ, ದಾಖಲೆ ಪೂರ್ಣಗೊಂಡಿದೆ. "ಇಷ್ಟೇ ಬರುತ್ತೆ. ಆಮೇಲೆ ಹನ್ನೊಂದು ಪ್ರಶ್ನೆ ಇದೆ ಅಂತ ತರಬೇತಿಯಲ್ಲಿ ಹೇಳಿದ್ರಿ. ಎಷ್ಟು ಹಿಂದೆ ಮುಂದೆ ಮಾಡಿದ್ರೂ ಬರಲಿಲ್ಲ. ನಾನು ಏನೋ ತಪ್ಪು ಒತ್ತಿರಬೇಕು."

ಸುಹೈಲ್‌ಗೆ ಫಾರಂ ಮಾಡಿದ ಆ ಮಧ್ಯಾಹ್ನ ನೆನಪಾಯಿತು. ಫೆಬ್ರವರಿ ತಿಂಗಳು. ನೀರೇ ಇಲ್ಲದಲ್ಲಿ ನೀರಿನ ಪಾಲು ಕೇಳುವುದೇನು ಎಂದುಕೊಂಡು ಒಂದು ಸಾಲಿನ ನಿಯಮ ಬರೆದಿದ್ದ: ಉತ್ತರ ಇಲ್ಲ ಎಂದಾದರೆ ಕೊನೆಗೆ ಹೋಗು. ತುಂಬುವವರ ಸಮಯ ಉಳಿಯುತ್ತದೆ, ತಪ್ಪು ಕಡಿಮೆಯಾಗುತ್ತದೆ. ಮುಖ್ಯಸ್ಥರು ಭುಜ ತಟ್ಟಿದ್ದರು. ಮೇಜಿನ ಮುಂದೆ ಕೂತು ನಲವತ್ತು ಸಲ ಪರೀಕ್ಷಿಸಿದ್ದ. ನಲವತ್ತು ಸಲವೂ ಅದು ಸರಿಯಾಗಿಯೇ ನಡೆದಿತ್ತು.

ಈಗ ಹೇಳಬಹುದಿತ್ತು. ಒಂದೇ ವಾಕ್ಯ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು, ತಪ್ಪು ತನ್ನದೆಂದು ಒಪ್ಪಿಕೊಂಡವರು ನೋಡುವ ಹಾಗೆ, ಎದುರಿನವನು ಎಷ್ಟು ಬೈಯಬಹುದೆಂದು ಅಳೆಯುತ್ತ.

"ಹೊತ್ತಾಗ್ತಿದೆ," ಅವನೆಂದ. "ನನ್ನ ಫೋನಿನಲ್ಲಿ ತಿದ್ದುಪಡಿಯ ಫಾರಂ ಇದೆ. ಅದರಲ್ಲಿ ಎಲ್ಲಾ ಪ್ರಶ್ನೇನೂ ತೆರೆಯುತ್ತೆ. ನಡೀರಿ, ಬಾಯಿಗಳನ್ನ ಗುರುತು ಮಾಡೋಣ."

ಎಪ್ಪತ್ತಮೂರು ಬಾಯಿಗಳಿದ್ದವು. ಪ್ರತಿಯೊಂದರ ಸುತ್ತ ಅಗೆದು ಹಾಕಿದ ಮಣ್ಣಿನ ದಿಬ್ಬ. ದಿಬ್ಬದ ಮೇಲೆ ನಿಂತು, ಗುರುತು ಎಷ್ಟು ಮೀಟರು ಆಚೀಚೆಯಿದೆ ಎಂದು ತೋರಿಸುವ ಪರದೆಯ ಅಂಕಿ ಇಪ್ಪತ್ತರಿಂದ ಐದಕ್ಕಿಂತ ಕೆಳಗೆ ಇಳಿಯುವವರೆಗೆ ಕಾಯಬೇಕು. ಅಲ್ಲಿಯವರೆಗೆ ಫಾರಂ ಸ್ಥಳವನ್ನು ಒಪ್ಪಿಕೊಳ್ಳುವುದಿಲ್ಲ. ಅದೂ ಅವನೇ ಇಟ್ಟ ಕಟ್ಟುಪಾಡು.

"ಈಗ ಏನಕ್ಕೆ ನಿಂತಿದ್ದೀವಿ?" ಬಾ ಅಲ್ಲಾಲ್ ಕೇಳಿದ.

"ಉಪಗ್ರಹ ನಮ್ಮನ್ನ ಹುಡುಕ್ತಿದೆ, ಬಾ," ಇಜ್ಜಾ ಅಂದಳು.

"ಇಷ್ಟು ಹೊತ್ತಾ? ನನ್ನ ಕತ್ತೆ ಮರಳುಗಾಳಿಯಲ್ಲೂ ಇದನ್ನ ಹುಡುಕುತ್ತೆ. ಅದನ್ನೇ ಮೇಲೆ ಕಳಿಸಬಹುದಿತ್ತು."

"ಕಳಿಸಿದ್ರೆ ನಿಮ್ಮನ್ನ ಹೊರೋರು ಯಾರು?"

ಮುದುಕ ನಕ್ಕ. ಪ್ರತಿ ಬಾಯಿಗೂ ಅವನ ಬಳಿ ಒಂದು ಹೆಸರಿತ್ತು. ಇದು ಕುರುಡಿಯ ಬಾಯಿ. ಇದು ಇಬ್ಬರು ಅಣ್ಣತಮ್ಮಂದಿರದು, ಒಬ್ಬ ಅಗೆದ, ಇನ್ನೊಬ್ಬ ಅಗೆದೆ ಅಂತ ಹೇಳಿಕೊಂಡ. ಫಾರಂನಲ್ಲಿ ಹೆಸರಿಗೆ ಜಾಗವಿರಲಿಲ್ಲ, ಕ್ರಮಸಂಖ್ಯೆಗೆ ಮಾತ್ರ. ಸುಹೈಲ್ ಸಂಖ್ಯೆ ತುಂಬುತ್ತ ಹೋದ. ಇಜ್ಜಾ ಮಾತ್ರ ಹೆಸರುಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು.

ಮೂರು ಗಂಟೆಯ ಹೊತ್ತಿಗೆ ಐವತ್ತನೆಯ ದಿಬ್ಬದ ನೆರಳಿನಲ್ಲಿ ಕೂತು ಮೂವರೂ ಒಂದೇ ರೊಟ್ಟಿಯನ್ನು ಮುರಿದು, ಆಲಿವ್ ಎಣ್ಣೆಯಲ್ಲಿ ಅದ್ದಿ ತಿಂದರು. ದೂರದಲ್ಲಿ ಲಾರಿಯವರು ಕೊರೆಯುವ ಕಂಬವನ್ನು ಎತ್ತಿ ನಿಲ್ಲಿಸಿ ನೋಡಿ, ಮತ್ತೆ ಇಳಿಸಿದರು. ಬಾ ಅಲ್ಲಾಲ್ ರೊಟ್ಟಿ ಅಗಿಯುವುದನ್ನು ಸ್ವಲ್ಪ ಹೊತ್ತು ನಿಲ್ಲಿಸಿದ.

ಐದೂಕಾಲಿಗೆ ಎಪ್ಪತ್ತಮೂರನೆಯದೂ ಮುಗಿಯಿತು. ಸಿಗ್ನಲ್ ಸಿಗುವುದು ಮುದುಕನ ಮನೆಯ ತಾರಸಿಯ ಮೇಲೆ ಮಾತ್ರ. ಸುಹೈಲ್ ಹದಿನೇಳು ದಿನದ ಸುತ್ತು, ಮೂವತ್ತೆರಡು ಮನೆಗಳ ಪಾಲು ಎಲ್ಲ ತುಂಬಿ ಕೊನೆಯ ಪುಟಕ್ಕೆ ಬಂದ.

ಮೊದಲ ದಾಖಲೆ ತಪ್ಪಾಗಲು ಕಾರಣ. ಕೆಳಗೆ ಎರಡೇ ಆಯ್ಕೆ. ಉತ್ತರಿಸಿದವರ ತಪ್ಪು. ದಾಖಲಿಸಿದವರ ತಪ್ಪು.

ಅವನು ಬಹಳ ಹೊತ್ತು ಅದನ್ನೇ ನೋಡಿದ. ಈ ಪುಟವನ್ನು ಬರೆಯುವಾಗ ಮೂರನೆಯದೊಂದು, ಫಾರಂನದೇ ತಪ್ಪು, ಇರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ. ಈಗ ಸೇರಿಸಬೇಕೆಂದರೆ ಮುಖ್ಯಸ್ಥರ ಒಪ್ಪಿಗೆ ಬೇಕು, ಅದಕ್ಕೆ ಮೂರು ದಿನ. ಉತ್ತರಿಸಿದವರ ತಪ್ಪು ಎಂದರೆ ಬಾ ಅಲ್ಲಾಲ್ ಕಚೇರಿಗೆ ಬಂದು ಹೇಳಿಕೆಗೆ ಹೆಬ್ಬೆಟ್ಟು ಒತ್ತಬೇಕು. ಗಂಟೆ ಐದು ನಲವತ್ತೆರಡು.

ಇಜ್ಜಾ ಪಕ್ಕದಲ್ಲೇ ಕೂತು ಚಪ್ಪಲಿಗೆ ಚುಚ್ಚಿದ ಮುಳ್ಳು ಕೀಳುತ್ತಿದ್ದಳು. ಅವನು ಪರದೆಯನ್ನು ಸ್ವಲ್ಪ ಆ ಕಡೆ ವಾಲಿಸಿಕೊಂಡು ಎರಡನೆಯದನ್ನು ಒತ್ತಿದ.

ಬೂದು ಚುಕ್ಕೆ ಇದ್ದಲ್ಲಿ ಒಂದು ಗೆರೆ ಮೂಡಿತು. ಬಾ ಅಲ್ಲಾಲ್ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿನ ಹತ್ತಿರ ತಂದ.

"ನಮ್ಮದು ಇಷ್ಟು ನೆಟ್ಟಗಿಲ್ಲ. ಕುರುಡಿಯ ಬಾಯಿ ಹತ್ತಿರ ಒಂದು ತಿರುವಿದೆ."

ಸುಹೈಲ್ ನಕ್ಷೆಯನ್ನು ಹಿಗ್ಗಿಸಿ ತೋರಿಸಿದ. ತಿರುವು ಇತ್ತು.

"ಹಾಂ," ಮುದುಕ ಅಂದ. "ಹಾಗಾದ್ರೆ ಸರಿ." ಚಹಾ ತರಲು ಕೆಳಗಿಳಿದ.

"ನನ್ನಿಂದ ನಿಮಗೆ ಒಂದಿಡೀ ದಿನ ಹಾಳಾಯ್ತು, ಸೀ ಸುಹೈಲ್," ಇಜ್ಜಾ ಅಂದಳು.

"ಪರವಾಗಿಲ್ಲ," ಅವನೆಂದ.

ಮರುದಿನ ಲಾರಿ ಬೇರೆ ಕಡೆಗೆ ಹೋಯಿತೆಂದು ಅವಳೇ ಫೋನು ಮಾಡಿ ತಿಳಿಸಿದಳು. ಅದೇ ವಾರ ಅವನು ಫಾರಂ ತಿದ್ದಿದ. ನೀರಿಲ್ಲ ಎಂದರೂ ಪ್ರಶ್ನೆಗಳು ಮುಂದುವರಿದವು, ಎರಡನೆಯ ಪ್ರಶ್ನೆ ಇವತ್ತು ಯಾರ ಸರದಿ ಎಂದಾಯಿತು. ಮುಂದಿನ ಸುತ್ತಿನ ನಕ್ಷೆಗಾಗಿ ಉಳಿದ ಬೂದು ಚುಕ್ಕೆಗಳನ್ನು ಮತ್ತೆ ನೋಡಿ ಬರಲು ಜನ ಹೊರಟರು. ಇಜ್ಜಾಳನ್ನು ಮಾತ್ರ ಮೊದಲು ಹೊಸಬರ ಜೊತೆ ಎರಡು ದಿನದ ತರಬೇತಿಗೆ ಕೂರಿಸಿದರು. ಅವಳು ಮುಂದಿನ ಸಾಲಿನಲ್ಲಿ ಕೂತು, ಪಾಠ ಹೇಳುತ್ತಿದ್ದ ಸುಹೈಲ್‌ನ ಪ್ರತಿ ಮಾತನ್ನೂ ಅದೇ ನೋಟುಬುಕ್ಕಿನಲ್ಲಿ ಬರೆದುಕೊಂಡಳು. ತಪ್ಪು ಅವಳ ಬೆರಳಿನದಲ್ಲ, ತನ್ನ ಪ್ರಶ್ನೆಯದು ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.